ಬದಲಾಗುತ್ತಿರುವ ಗುಣಮಟ್ಟ ನಿಯಂತ್ರಣ ಆದೇಶಗಳು: ಮಲೆನಾಡಿನ ಕಟ್ಟಡ ಸಾಮಗ್ರಿ ವ್ಯಾಪಾರಿಗಳು ಮತ್ತು ಮನೆ ಕಟ್ಟಿಕೊಡುವವರು ಸಿದ್ಧರಾಗುವ ಬಗೆ

ತೀರ್ಥಹಳ್ಳಿಯ ಹತ್ತಿರ ನಾನು ಉಸ್ತುವಾರಿ ನೋಡಿಕೊಂಡಿದ್ದ ಒಂದು ಮನೆಯಲ್ಲಿ, ಗೃಹಪ್ರವೇಶವಾದ ಮೊದಲ ಮಳೆಗಾಲದಲ್ಲೇ ಅಡುಗೆಮನೆಯ ಕಪಾಟುಗಳ ಪ್ಲೈವುಡ್ ಪದರ ಪದರವಾಗಿ ಬಿಟ್ಟುಕೊಂಡಿತು. ಸಿಂಕಿನ ಕೆಳಗಿನ ಬಾಗಿಲನ್ನು ಹೆಬ್ಬೆರಳಿನಿಂದ ಒತ್ತಿದರೆ ನೆನೆದ ಹಪ್ಪಳದಂತೆ ಒಳಕ್ಕೆ ಹೋಗುತ್ತಿತ್ತು. ಮನೆಯ ಯಜಮಾನರು ಜೋಪಾನವಾಗಿ ಇಟ್ಟುಕೊಂಡಿದ್ದ ಬಿಲ್ಲನ್ನು ತಂದು ತೋರಿಸಿದರು. ಅದರಲ್ಲಿ ‘18 ಎಂ.ಎಂ. ವಾಟರ್‌ಪ್ರೂಫ್ ಪ್ಲೈ, 14 ಶೀಟು’ ಎಂದಷ್ಟೇ ಬರೆದಿತ್ತು. ತಯಾರಕರ ಹೆಸರಿರಲಿಲ್ಲ, ಐಎಸ್ (ಭಾರತೀಯ ಮಾನಕದ) ಸಂಖ್ಯೆಯಿರಲಿಲ್ಲ, ಪರವಾನಗಿ ಸಂಖ್ಯೆಯೂ ಇರಲಿಲ್ಲ. ಅಂಗಡಿಯವರು ಮೋಸಗಾರರೇನೂ ಅಲ್ಲ. ಅವರೂ ಯಾರನ್ನೋ ನಂಬಿ ಮಾಲು ಇಳಿಸಿಕೊಂಡವರು. ಆದರೆ ಆ ಮಾಲು ಯಾವ ಕಾರ್ಖಾನೆಯದೆಂದು ಹೇಳಲು ಅವರ ಕೈಯಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲವಾದ್ದರಿಂದ ನಷ್ಟವನ್ನೆಲ್ಲ ಅವರೇ ಹೊರಬೇಕಾಯಿತು.

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಹಾರ್ಡ್‌ವೇರ್ ಮತ್ತು ಪ್ಲೈವುಡ್ ಅಂಗಡಿಯವರನ್ನು, ಸಿಮೆಂಟ್ ಹಾಗೂ ಕಬ್ಬಿಣದ ಡೀಲರುಗಳನ್ನು, ಸಾಮಗ್ರಿ ಸಮೇತ ಮನೆ ಕಟ್ಟಿಕೊಡುವ ಕಂಟ್ರಾಕ್ಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಕಟ್ಟಡ ಸಾಮಗ್ರಿಗಳ ಮೇಲಿನ ಕಾನೂನು ಕೆಲವು ವರ್ಷಗಳಿಂದ ವೇಗವಾಗಿ ಬದಲಾಗುತ್ತಿದೆ. ಪ್ರತಿಯೊಂದು ಆದೇಶವನ್ನೂ ಬಾಯಿಪಾಠ ಮಾಡುವುದು ಯಾರಿಂದಲೂ ಆಗದ ಕೆಲಸ. ಆದರೆ ಗೋದಾಮಿನಲ್ಲಿರುವ ಪ್ರತಿಯೊಂದು ಮಾಲೂ ಯಾವ ಕಾರ್ಖಾನೆಯಿಂದ, ಯಾವ ಪರವಾನಗಿಯಡಿ ಬಂದಿತು, ಯಾರ ಮನೆಗೆ ಹೋಯಿತು ಎಂಬುದನ್ನು ಕಾಗದದ ಮೇಲೆ ತೋರಿಸಬಲ್ಲ ವ್ಯಾಪಾರಿಗೆ ಯಾವ ಹೊಸ ಆದೇಶ ಬಂದರೂ ಸಿದ್ಧತೆಯ ಮುಕ್ಕಾಲು ಪಾಲು ಮುಗಿದಂತೆಯೇ.

ಕಾನೂನು ಹೇಳುವುದೇನು

ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಅಕ್ಟೋಬರ್ 12ರಂದು. ಅದರ 16ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರವು ಯಾವುದೇ ವಸ್ತುವಿಗೆ ಐಎಸ್ಐ ಗುರುತನ್ನು ಕಡ್ಡಾಯ ಮಾಡಬಹುದು. ಹಾಗೆ ಮಾಡುವ ಅಧಿಸೂಚನೆಯನ್ನೇ ಗುಣಮಟ್ಟ ನಿಯಂತ್ರಣ ಆದೇಶ, ಅಂದರೆ ಕ್ಯೂಸಿಒ ಎನ್ನುತ್ತಾರೆ. ವ್ಯಾಪಾರಿಗಳು ಗಮನವಿಟ್ಟು ಓದಬೇಕಾದದ್ದು 17ನೇ ಕಲಮು. ಆದೇಶದ ವ್ಯಾಪ್ತಿಗೆ ಬಂದ ವಸ್ತುವನ್ನು ಗುರುತಿಲ್ಲದೆ ತಯಾರಿಸುವುದು ಮತ್ತು ಆಮದು ಮಾಡುವುದು ಮಾತ್ರವಲ್ಲ, ಹಂಚುವುದು, ಮಾರುವುದು, ಬಾಡಿಗೆಗೆ ಕೊಡುವುದು, ಮಾರಾಟಕ್ಕೆಂದು ದಾಸ್ತಾನು ಇಡುವುದು, ಪ್ರದರ್ಶಿಸುವುದು ಇವೆಲ್ಲವೂ ನಿಷಿದ್ಧ. ‘ನಾನು ಮಾಡಿದ್ದಲ್ಲ, ಬರೀ ಮಾರಿದ್ದು’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ‘ಇನ್ನೂ ಮಾರಿಲ್ಲ, ಗೋದಾಮಿನಲ್ಲಿ ಇಟ್ಟಿದ್ದೇನೆ’ ಎಂಬ ಮಾತಿಗೂ ಬೆಲೆಯಿಲ್ಲ. 29ನೇ ಕಲಮು ಇದಕ್ಕೆ ಎರಡು ವರ್ಷದವರೆಗಿನ ಸೆರೆವಾಸವನ್ನು ಅಥವಾ ಮೊದಲ ತಪ್ಪಿಗೆ 2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ, ಅನಂತರದ ತಪ್ಪುಗಳಿಗೆ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನು ಹೇಳುತ್ತದೆ. ದಂಡವು ಮಾಲಿನ ಬೆಲೆಯ ಹತ್ತು ಪಟ್ಟಿನವರೆಗೂ ಏರಬಹುದು.

ಇದಕ್ಕೆ ಜೊತೆಯಾಗಿ ನಿಲ್ಲುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ. ದೋಷವಿರುವ ವಸ್ತುವಿನಿಂದ ಹಾನಿಯಾದರೆ ಮೊದಲ ಹೊಣೆ ತಯಾರಕರದು. ಆದರೆ ತಯಾರಕರು ಯಾರೆಂದು ಗೊತ್ತಾಗದಿದ್ದರೆ, ಅಥವಾ ಮಾರಿದವರು ತಾವಾಗಿ ಬೇರೆ ಭರವಸೆ ಕೊಟ್ಟಿದ್ದರೆ, ಹೊಣೆ ಮಾರಿದವರ ಮೇಲೆ ಬರುತ್ತದೆ. ಮೇಲೆ ಹೇಳಿದ ಪ್ಲೈವುಡ್ಡಿನ ಕಥೆಗೂ ಈ ಮಾತಿಗೂ ಇರುವ ಸಂಬಂಧವನ್ನು ವಿವರಿಸಬೇಕಾಗಿಲ್ಲ. ಸ್ಥಿರಾಸ್ತಿ ಮಾರುವವರನ್ನು ಈ ಕಾಯ್ದೆ ‘ಉತ್ಪನ್ನ ಮಾರಾಟಗಾರ’ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆಯಾದರೂ, ಕಟ್ಟಿದ ಮನೆ ಮಾರುವವರನ್ನೂ ಮನೆ, ಫ್ಲ್ಯಾಟು ಕಟ್ಟುವವರನ್ನೂ ಒಳಗೇ ಉಳಿಸಿಕೊಂಡಿದೆ. ರೇರಾ ಕಾಯ್ದೆಯಡಿ (ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ) ಬರುವ ಯೋಜನೆಗಳಲ್ಲಿ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡರೆ, 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಿಕೊಡುವುದು ಡೆವಲಪರುಗಳ ಕರ್ತವ್ಯ.

ಇಷ್ಟೆಲ್ಲ ಬಿಗಿ ಯಾಕೆ ಎಂದು ಕೇಳುವವರಿಗೆ ನಾನು ಲಂಡನ್ನಿನ ಗ್ರೆನ್‌ಫೆಲ್ ಟವರ್ ಅನ್ನು ನೆನಪಿಸುತ್ತೇನೆ. 2017ರ ಜೂನ್ 14ರ ರಾತ್ರಿ ಆ ವಸತಿ ಕಟ್ಟಡಕ್ಕೆ ಬಿದ್ದ ಬೆಂಕಿ, ಹೊರಗೋಡೆಗೆ ಹೊದಿಸಿದ್ದ ಉರಿಯುವ ಹಾಳೆಗಳ ಮೂಲಕ ಹಬ್ಬಿ 72 ಜನ ಸತ್ತರು. ತಯಾರಕರು ತಮ್ಮ ವಸ್ತುವಿನ ಬೆಂಕಿ ಪರೀಕ್ಷೆಗಳ ವಿಷಯದಲ್ಲಿ ಅಪ್ರಾಮಾಣಿಕವಾಗಿ ನಡೆದುಕೊಂಡಿದ್ದರೆಂದು 2024ರ ಸೆಪ್ಟೆಂಬರ್‌ನಲ್ಲಿ ಬಂದ ತನಿಖಾ ವರದಿ ಹೇಳಿತು. ಮಾತು ನಂಬಿ ಮಾಲು ಹಾಕಿದ್ದರ ಬೆಲೆಯನ್ನು ತೆತ್ತವರು ಆ ಮನೆಗಳಲ್ಲಿ ಮಲಗಿದ್ದವರು.

ಮೊದಲ ಹೆಜ್ಜೆ: ಗೋದಾಮಿನ ಪಟ್ಟಿ

ಒಂದು ಭಾನುವಾರ ಅಂಗಡಿಯ ಬಾಗಿಲು ಹಾಕಿಕೊಂಡು, ಮಾರುವ ಎಲ್ಲ ಸಾಮಗ್ರಿಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ನಾಲ್ಕು ಅಂಕಣ ಸಾಕು: ಐಎಸ್ ಸಂಖ್ಯೆ, ಕಡ್ಡಾಯವೋ ಅಲ್ಲವೋ, ಯಾವ ತಾರೀಖಿನಿಂದ, ನಮ್ಮಲ್ಲಿರುವ ತಯಾರಕರ ಪರವಾನಗಿ ಸಂಖ್ಯೆ.

ಸಿಮೆಂಟಿಗೆ 2003ರ ಆದೇಶದಿಂದಲೇ ಗುರುತು ಕಡ್ಡಾಯ. ಸಾಧಾರಣ ಸಿಮೆಂಟಾದ ಓಪಿಸಿಗೆ ಐಎಸ್ 269, ಹಾರುಬೂದಿಯ ಪಿಪಿಸಿಗೆ ಐಎಸ್ 1489ರ 1ನೇ ಭಾಗ, ಸ್ಲ್ಯಾಗ್ ಸಿಮೆಂಟಿಗೆ ಐಎಸ್ 455. ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಸರಳಿಗೆ ಐಎಸ್ 1786. ಮನೆಯ ವೈರಿಂಗಿನ ಪಿವಿಸಿ ವೈರಿಗೆ ಐಎಸ್ 694. ಪ್ಲೈವುಡ್ಡಿಗೆ ಐಎಸ್ 303 ಮತ್ತು 710, ಗಟ್ಟಿ ತಿರುಳಿನ ಫ್ಲಶ್ ಡೋರಿಗೆ ಐಎಸ್ 2202. ಪ್ಲೈವುಡ್ ಮತ್ತು ಫ್ಲಶ್ ಡೋರುಗಳ ಆದೇಶ ಜಾರಿಗೆ ಬಂದದ್ದು 2025ರ ಫೆಬ್ರವರಿ 28ರಂದು. ನಮ್ಮ ಭಾಗದ ಅಂಗಡಿಗಳಿಗೆ ಇದೇ ದೊಡ್ಡ ಬದಲಾವಣೆ, ಏಕೆಂದರೆ ಗುರುತಿಲ್ಲದ ‘ಲೋಕಲ್’ ಪ್ಲೈಯನ್ನು ಮಾರುವುದು ಇಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ.

ಎಲ್ಲಕ್ಕೂ ಗುರುತು ಬೇಕೆಂದು ತಿಳಿಯಬಾರದು. ಜಂಬಿಟ್ಟಿಗೆ ಕಲ್ಲು, ಜಲ್ಲಿ, ಎಂ-ಸ್ಯಾಂಡ್ ಐಎಸ್ಐ ಗುರುತಿನೊಂದಿಗೆ ಬರುವ ಸರಕುಗಳಲ್ಲ. ಆದರೂ ಅವಕ್ಕೆ ಮಾನಕಗಳಿವೆ, ಮತ್ತು ಒಳ್ಳೆಯ ಸರಬರಾಜುದಾರರು ಅವನ್ನು ತಿಳಿದಿರಬೇಕು. ಐಎಸ್ 3620ರ ಪ್ರಕಾರ ಜಂಬಿಟ್ಟಿಗೆ ಕಲ್ಲಿನ ಒತ್ತಡ ತಾಳಿಕೆ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್ನಿಗೆ ಕಡಿಮೆಯಿರಬಾರದು, ನೀರು ಹೀರುವಿಕೆ ಶೇ. 12 ಮೀರಬಾರದು. ಐಎಸ್ 383ರ ಪ್ರಕಾರ ಎಂ-ಸ್ಯಾಂಡಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಧೂಳು ಶೇ. 15 ದಾಟಬಾರದು. ಕ್ರಷರಿನವರಿಂದ ಆರು ತಿಂಗಳಿಗೊಮ್ಮೆ ಪರೀಕ್ಷಾ ವರದಿ ಕೇಳಿ ಪಡೆಯುವುದು ಒಳ್ಳೆಯ ಅಭ್ಯಾಸ.

ಎರಡನೇ ಹೆಜ್ಜೆ: ಆದೇಶವನ್ನೇ ಓದುವುದು

ವಾಟ್ಸಾಪಿನಲ್ಲಿ ಬಂದ ಸುದ್ದಿಯನ್ನು ನಂಬಿ ಮಾಲು ತರಿಸುವುದೂ ತಪ್ಪು, ವಾಪಸು ಕಳಿಸುವುದೂ ತಪ್ಪು. ಆದೇಶಗಳು ಮುಂದೂಡಲ್ಪಡುತ್ತವೆ, ತಿದ್ದುಪಡಿಯಾಗುತ್ತವೆ, ಕೆಲವೊಮ್ಮೆ ಹಿಂತೆಗೆದುಕೊಳ್ಳಲ್ಪಡುತ್ತವೆ. ಪ್ಲೈವುಡ್ಡಿನ ಆದೇಶವೇ ಮೊದಲು 2023ರಲ್ಲಿ ಹೊರಬಿದ್ದು, ಜಾರಿಯ ತಾರೀಖು 2025ಕ್ಕೆ ಬಂದು ನಿಂತಿತು. 2025ರ ನವೆಂಬರ್‌ನಲ್ಲಿ ಪಾಲಿಮರ್ ಮತ್ತು ನಾರಿನ ಕಚ್ಚಾವಸ್ತುಗಳ 14 ಆದೇಶಗಳನ್ನು ಸರ್ಕಾರ ಒಮ್ಮೆಲೇ ಹಿಂಪಡೆಯಿತು. ಆದ್ದರಿಂದ ಪ್ರತಿ ತಿಂಗಳ ಮೊದಲ ವಾರ ಬಿಐಎಸ್ ಜಾಲತಾಣದಲ್ಲಿರುವ ಕಡ್ಡಾಯ ಪ್ರಮಾಣೀಕರಣದ ಪಟ್ಟಿಯನ್ನು ತೆರೆದು ನೋಡುವ ಕೆಲಸವನ್ನು ಅಂಗಡಿಯ ಒಬ್ಬರಿಗೆ ವಹಿಸಿ. ಸಿಮೆಂಟು, ಪ್ಲೈವುಡ್, ಗಾಜಿನ ಆದೇಶಗಳು ವಾಣಿಜ್ಯ ಸಚಿವಾಲಯದ ಡಿಪಿಐಐಟಿ ಇಲಾಖೆಯಿಂದ ಬರುತ್ತವೆ, ಕಬ್ಬಿಣದ ಆದೇಶಗಳು ಉಕ್ಕು ಸಚಿವಾಲಯದಿಂದ.

ಆದೇಶವನ್ನು ಓದುವಾಗ ಮೂರು ಜಾಗದಲ್ಲಿ ನಿಲ್ಲಬೇಕು. ಒಂದು, ಕೊನೆಯಲ್ಲಿರುವ ಕೋಷ್ಟಕ: ಯಾವ ವಸ್ತು, ಯಾವ ಐಎಸ್ ಸಂಖ್ಯೆ ಎಂಬುದು ಅಲ್ಲಿರುತ್ತದೆ, ವಸ್ತುವಿನ ಹೆಸರನ್ನಷ್ಟೇ ನೋಡಿ ಊಹಿಸಬಾರದು. ಎರಡು, ಜಾರಿಯ ತಾರೀಖು: ಸಣ್ಣ ಉದ್ದಿಮೆಗಳಿಗೆ ಮೂರು ತಿಂಗಳು, ಅತಿಸಣ್ಣ ಉದ್ದಿಮೆಗಳಿಗೆ ಆರು ತಿಂಗಳು ಹೆಚ್ಚುವರಿ ಕಾಲಾವಕಾಶ ಕೊಡುವುದು ಈಚಿನ ಅನೇಕ ಆದೇಶಗಳ ಪದ್ಧತಿ. ಈ ರಿಯಾಯಿತಿ ತಯಾರಕರಿಗೆ ಸೇರಿದ್ದೇ ಹೊರತು ನಿಮ್ಮ ಅಂಗಡಿ ಸಣ್ಣದೆಂಬ ಕಾರಣಕ್ಕೆ ನಿಮಗೆ ಸಿಗುವುದಲ್ಲ. ಅತಿಸಣ್ಣ ಘಟಕದವರು ‘ನಮಗೆ ಇನ್ನೂ ಟೈಮಿದೆ’ ಎಂದರೆ ಅವರ ಉದ್ಯಮ್ ನೋಂದಣಿ ಪತ್ರದ ಪ್ರತಿಯನ್ನು ಪಡೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮೂರು, ಹಳೆಯ ದಾಸ್ತಾನಿನ ಬಗ್ಗೆ ಏನಾದರೂ ಹೇಳಿದೆಯೇ ಎಂಬುದು. ಕೆಲವು ಆದೇಶಗಳು ಜಾರಿಗೆ ಮುಂಚೆ ತಯಾರಾದ ಮಾಲನ್ನು ಘೋಷಿಸಿ, ಗೊತ್ತಾದ ಅವಧಿಯೊಳಗೆ ಖಾಲಿಮಾಡಲು ತಯಾರಕರಿಗೆ ಅವಕಾಶ ಕೊಟ್ಟಿವೆ. ಹಾಗೆ ಸ್ಪಷ್ಟವಾಗಿ ಬರೆದಿರದಿದ್ದರೆ ಅವಕಾಶವಿಲ್ಲವೆಂದೇ ತಿಳಿದು ನಡೆಯುವುದು ಕ್ಷೇಮ.

ಮೂರನೇ ಹೆಜ್ಜೆ: ಗುರುತನ್ನು ನೋಡುವ ಕಣ್ಣು

ಐಎಸ್ಐ ಎಂದು ಅಚ್ಚಾಗಿದ್ದ ಮಾತ್ರಕ್ಕೆ ತೃಪ್ತಿಪಡಬೇಡಿ. ಸರಿಯಾದ ಗುರುತಿನಲ್ಲಿ ಮೂರು ಅಂಶಗಳಿರುತ್ತವೆ: ಮೇಲೆ ಐಎಸ್ ಸಂಖ್ಯೆ, ನಡುವೆ ಚಿಹ್ನೆ, ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಏಳು ಅಥವಾ ಹತ್ತು ಅಂಕಿಗಳ ಪರವಾನಗಿ ಸಂಖ್ಯೆ. ‘710 ಗ್ರೇಡ್’, ‘ಐಎಸ್ಐ ಮಾದರಿ’, ‘ಐಎಸ್ ಪ್ರಕಾರ ತಯಾರಿಸಿದ್ದು’ ಎಂಬ ಬರಹಗಳು ಗುರುತಲ್ಲ. ಪರವಾನಗಿ ಸಂಖ್ಯೆ ಇಲ್ಲದ ಚಿಹ್ನೆಯೂ ಗುರುತಲ್ಲ.

ಸಂಖ್ಯೆ ಸಿಕ್ಕ ಕೂಡಲೇ ಬಿಐಎಸ್ ಕೇರ್ ಆ್ಯಪಿನಲ್ಲಿ ಪರವಾನಗಿ ಪರಿಶೀಲನೆಯ ಜಾಗದಲ್ಲಿ ಅದನ್ನು ಹಾಕಿ ನೋಡಿ. ಅಲ್ಲಿ ಬರುವ ವಿವರದಲ್ಲಿ ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದನ್ನಷ್ಟೇ ನೋಡಿ ಮುಚ್ಚಿಬಿಡುವವರು ಬಹಳ. ಇನ್ನೂ ಎರಡು ವಿಷಯ ನೋಡಬೇಕು. ಪರವಾನಗಿ ಕೊಡುವುದು ಬ್ರಾಂಡಿಗಲ್ಲ, ಕಾರ್ಖಾನೆಗೆ. ಒಂದೇ ಬ್ರಾಂಡು ಮೂರು ಊರಿನಲ್ಲಿ ತಯಾರಾಗುತ್ತಿದ್ದರೆ ಮೂರಕ್ಕೂ ಬೇರೆ ಬೇರೆ ಸಂಖ್ಯೆಯಿರಬೇಕು. ಆ್ಯಪಿನಲ್ಲಿ ಬಂದ ವಿಳಾಸ ಒಂದು ಊರಿನದು, ಮಾಲಿನ ಮೇಲಿರುವುದು ಇನ್ನೊಂದು ಊರಿನದು ಎಂದಾದರೆ ಲೋಡು ಇಳಿಸಿಕೊಳ್ಳುವ ಮೊದಲು ವಿವರಣೆ ಕೇಳಿ. ಎರಡನೆಯದು ಪರವಾನಗಿಯ ವ್ಯಾಪ್ತಿ. ತೇವ ತಾಳುವ ಎಂ.ಆರ್. ದರ್ಜೆಗೆ ಪರವಾನಗಿ ಪಡೆದ ಕಾರ್ಖಾನೆಯವರು ಕುದಿನೀರು ತಾಳುವ ಬಿ.ಡಬ್ಲ್ಯು.ಆರ್. ದರ್ಜೆಗೆ ಅದೇ ಸಂಖ್ಯೆಯನ್ನು ಒತ್ತುವಂತಿಲ್ಲ.

ಪ್ಲೈವುಡ್ಡಿನ ದರ್ಜೆಗಳ ನಡುವಿನ ಅಂತರ ನಮ್ಮ ಮಳೆಸೀಮೆಯಲ್ಲಿ ಬರೀ ಕಾಗದದ ವಿಷಯವಲ್ಲ. ಐಎಸ್ 710ರ ಮರೈನ್ ಪ್ಲೈಯ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಬಿ.ಡಬ್ಲ್ಯು.ಆರ್. ದರ್ಜೆಗೆ ಎಂಟು ಗಂಟೆಯ ಕುದಿತ, ಎಂ.ಆರ್. ದರ್ಜೆಗೆ 60 ಡಿಗ್ರಿಯ ಬಿಸಿನೀರಿನಲ್ಲಿ ಮೂರು ಗಂಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ ಆಗುಂಬೆ, ಹುಲಿಕಲ್ ಕಡೆಯ ಮನೆಯ ಅಡುಗೆಮನೆಗೆ ಎಂ.ಆರ್. ಪ್ಲೈ ಕೊಡುವುದು, ಅದು ಗುರುತಿರುವ ಅಸಲಿ ಮಾಲೇ ಆಗಿದ್ದರೂ, ತಪ್ಪು ಸಲಹೆ. ಕಾನೂನು ಹೇಳುವುದು ಮಾಲಿನ ಗುಣಮಟ್ಟದ ಬಗ್ಗೆ. ಮಾಲು ಯಾವ ಜಾಗಕ್ಕೆ ಹೊಂದುತ್ತದೆಂದು ಗಿರಾಕಿಗೆ ಹೇಳಬೇಕಾದವರು ನೀವು.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಕಬ್ಬಿಣದ ಸರಳಿಗೆ ತಕ್ಕಡಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. 12 ಎಂ.ಎಂ. ಸರಳಿನ ತೂಕ ಮೀಟರಿಗೆ 0.888 ಕಿಲೋ ಇರಬೇಕು. ಐಎಸ್ 1786ರ ಪ್ರಕಾರ ಒಂದು ಬಿಡಿ ಮಾದರಿಯಲ್ಲಿ ಶೇ. 6ರಷ್ಟು ಕಡಿಮೆಯಾದರೆ ಸಹಿಸಬಹುದು, ಅಂದರೆ ಸುಮಾರು 835 ಗ್ರಾಂ. 8 ಎಂ.ಎಂ.ಗೆ 0.395 ಕಿಲೋ, ಶೇ. 8ರ ವಿನಾಯಿತಿ, ಅಂದರೆ ಸುಮಾರು 363 ಗ್ರಾಂ. ನಾನು ಮಾಡುವ ಕ್ರಮ ಹೀಗೆ. ಲೋಡು ಬಂದಾಗ ಬೇರೆ ಬೇರೆ ಕಟ್ಟುಗಳಿಂದ ಮೂರು ಸರಳು ಎಳೆಸಿ, ಪ್ರತಿಯೊಂದರ ನಡುಭಾಗದಿಂದ ಟೇಪು ಹಿಡಿದು ಸರಿಯಾಗಿ ಒಂದು ಮೀಟರು ಕತ್ತರಿಸಿ, ತಂತಿ ಬ್ರಷ್ಷಿನಿಂದ ತುಕ್ಕು, ಮಣ್ಣು ಉಜ್ಜಿ, ಮೊಳೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಬಂದ ತೂಕವನ್ನು ಬಿಲ್ಲಿನ ಹಿಂದೆಯೇ ಬರೆದಿಡುತ್ತೇನೆ. 12 ಎಂ.ಎಂ. ಎಂದು ಬಂದ ಸರಳು 790 ಗ್ರಾಂ ತೂಗಿದರೆ ಅದನ್ನು ಅಂಗಳದಲ್ಲಿ ಇಳಿಸುವ ಮಾತೇ ಇಲ್ಲ. ಸರಳಿನ ಮೈಮೇಲೆ ಉಬ್ಬಿಬಂದಿರುವ ತಯಾರಕರ ಗುರುತು ಮತ್ತು ದರ್ಜೆಯನ್ನು ಬಿಲ್ಲಿನೊಂದಿಗೆ ತಾಳೆ ನೋಡಿ. 500 ದರ್ಜೆ ಮತ್ತು 500ಡಿ ದರ್ಜೆ ಒಂದೇ ಅಲ್ಲ: ಮುರಿಯುವ ಮುನ್ನ ಮೊದಲನೆಯದು ಕನಿಷ್ಠ ಶೇ. 12, ಎರಡನೆಯದು ಕನಿಷ್ಠ ಶೇ. 16 ಹಿಗ್ಗಬೇಕು. ಮಿಲ್ಲಿನ ಪರೀಕ್ಷಾ ಪತ್ರದಲ್ಲಿರುವ ಹೀಟ್ ನಂಬರು (ಒಂದು ಸಲ ಕರಗಿಸಿದ ಉಕ್ಕಿಗೆ ಕೊಡುವ ಸಂಖ್ಯೆ) ಕಟ್ಟಿಗೆ ತೂಗುಹಾಕಿದ ಚೀಟಿಯಲ್ಲೂ ಇರಬೇಕು.

ಸಿಮೆಂಟಿನ ಚೀಲದ ಮೇಲೆ ಗುರುತಿನ ಜೊತೆಗೆ ಪ್ಯಾಕ್ ಮಾಡಿದ ವಾರ ಮತ್ತು ವರ್ಷ ಇರುತ್ತದೆ. ಪಿಪಿಸಿಯಾದರೆ ಹಾರುಬೂದಿಯ ಪ್ರಮಾಣವೂ. ಚೀಲದಲ್ಲಿ ಮೂರು ತಿಂಗಳು ಮೀರಿ ವ್ಯಾಪಾರಿಗಳ ಬಳಿ ಉಳಿದ ಸಿಮೆಂಟನ್ನು ಮತ್ತೆ ಪರೀಕ್ಷಿಸಿಯೇ ಬಳಸಬೇಕೆಂದು ಮಾನಕ ಹೇಳುತ್ತದೆ. ಸಾಮಗ್ರಿ ದಾಸ್ತಾನಿನ ಐಎಸ್ 4082 ಚೀಲಗಳನ್ನು ನೆಲದಿಂದ 150ರಿಂದ 200 ಎಂ.ಎಂ. ಎತ್ತರದ ಹಲಗೆಯ ಮೇಲೆ, ಹೊರಗೋಡೆಯಿಂದ 600 ಎಂ.ಎಂ. ದೂರದಲ್ಲಿ, ಹತ್ತು ಚೀಲಕ್ಕಿಂತ ಎತ್ತರವಾಗದಂತೆ ಜೋಡಿಸಿ, ಮಳೆಗಾಲದಲ್ಲಿ ಇಡೀ ಅಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕೆನ್ನುತ್ತದೆ. ಆಷಾಢದಲ್ಲಿ ಗೋಡೆಗೆ ಒರಗಿಸಿದ ಚೀಲಗಳ ಕೆಳಸಾಲು ಕಲ್ಲಾಗುವುದನ್ನು ನಾವೆಲ್ಲ ನೋಡಿದ್ದೇವೆ. ಕಾರ್ಖಾನೆಯಿಂದ ಗುಣಮಟ್ಟದ ಮಾಲಾಗಿ ಹೊರಟದ್ದು ನಿಮ್ಮ ಗೋದಾಮಿನಲ್ಲಿ ಕೆಟ್ಟರೆ ತಯಾರಕರು ಹೊಣೆ ಹೊರುವುದಿಲ್ಲ. ಮೊದಲು ಬಂದದ್ದು ಮೊದಲು ಹೋಗಲಿ. ಲೋಡು ಬಂದ ತಾರೀಖನ್ನು ಅಟ್ಟಿಯ ಮೇಲೆ ಬಳಪದಿಂದ ಬರೆದಿಡಿ.

ವೈರು, ಸ್ವಿಚ್ಚು, ಎಂಸಿಬಿಗಳಲ್ಲಿ ಸುರುಳಿಯ ಅಥವಾ ಡಬ್ಬಿಯ ಮೇಲಿನ ಸಂಖ್ಯೆಯನ್ನು ಆ್ಯಪಿನಲ್ಲಿ ನೋಡುವುದು ಸಾಕು. ತಾಮ್ರದ ಎಳೆ ಎಣಿಸಿ ತೀರ್ಮಾನಿಸುವ ಹಳೆಯ ಅಭ್ಯಾಸ ಮಾತ್ರ ಸಾಲದು.

ಐದನೇ ಹೆಜ್ಜೆ: ಬಿಲ್ಲು ಮತ್ತು ಕಡತ

‘ಸಾವ್ಕಾರ್ರೇ, ಬಿಲ್ಲಲ್ಲಿ ಅಷ್ಟೆಲ್ಲ ಬರೀತಾ ಕೂತ್ರೆ ಗಾಡಿ ಹೊರಡೋದು ಯಾವಾಗ?’ ಎಂದು ಮೇಸ್ತ್ರಿ ಅವಸರಪಡಿಸುತ್ತಾರೆ. ಕಂಪ್ಯೂಟರಿನ ಬಿಲ್ಲಿಂಗ್‌ನಲ್ಲಿ ವಸ್ತುವಿನ ಹೆಸರನ್ನೇ ಒಮ್ಮೆ ಬದಲಾಯಿಸಿಟ್ಟರೆ ಈ ತೊಂದರೆಯಿಲ್ಲ. ‘18 ಎಂ.ಎಂ. ಪ್ಲೈ’ ಎಂಬುದರ ಬದಲು ಬ್ರಾಂಡು, ಐಎಸ್ ಸಂಖ್ಯೆ, ದರ್ಜೆ, ದಪ್ಪ ಮತ್ತು ಸಿಎಂ/ಎಲ್ ಸಂಖ್ಯೆ ತಾನಾಗಿ ಅಚ್ಚಾಗಲಿ. ‘ಲೈಫ್‌ಟೈಮ್ ಗ್ಯಾರಂಟಿ’ ಎಂದು ಅಂಗಡಿಯ ಮೊಹರು ಒತ್ತಿ ಬರೆದುಕೊಡಬೇಡಿ. ಅದು ನಿಮ್ಮದೇ ಆದ ಭರವಸೆಯಾಗಿ ಹೊಣೆಯನ್ನು ನಿಮ್ಮ ತಲೆಗೆ ತರುತ್ತದೆ. ತಯಾರಕರ ಗ್ಯಾರಂಟಿ ಕಾರ್ಡು ಕೊಟ್ಟು ಅದರ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿ.

ಪ್ರತಿ ತಯಾರಕರಿಗೂ ಒಂದೊಂದು ಕಡತವಿರಲಿ. ಪರವಾನಗಿಯ ಪ್ರತಿ, ಆ್ಯಪಿನಲ್ಲಿ ಪರಿಶೀಲಿಸಿದ ದಿನದ ಸ್ಕ್ರೀನ್‌ಶಾಟ್, ಖರೀದಿ ಬಿಲ್ಲು, ಪರೀಕ್ಷಾ ಪತ್ರ, ಮಾಲಿನ ಮೇಲಿನ ಗುರುತಿನ ಫೋಟೋ. ಪರವಾನಗಿಗಳಿಗೆ ಅವಧಿಯಿರುತ್ತದೆ, ನಡುವೆ ಅಮಾನತೂ ಆಗಬಹುದು. ಆದ್ದರಿಂದ ಹಳೆಯ ಸ್ಕ್ರೀನ್‌ಶಾಟನ್ನು ನೆಚ್ಚಿಕೊಳ್ಳದೆ ಪ್ರತಿ ಲೋಡಿಗೂ ಹೊಸದಾಗಿ ನೋಡುವುದು ಒಳಿತು. ಮನೆ ಕಟ್ಟಿಕೊಡುವವರು ಒಂದೊಂದು ಮನೆಗೂ ಇಂಥ ಕಡತ ಮಾಡಿ, ಕೀಲಿ ಕೊಡುವ ದಿನ ಅದರ ಪ್ರತಿಯನ್ನು ಮನೆಯವರಿಗೂ ಕೊಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಆರನೇ ಹೆಜ್ಜೆ: ಹಳೆಯ ದಾಸ್ತಾನು, ತಿರಸ್ಕೃತ ಮಾಲು

ಆದೇಶ ಜಾರಿಯಾಗುವ ಮುನ್ನವೇ ಗುರುತಿಲ್ಲದ ಮಾಲನ್ನು ಲೆಕ್ಕ ಹಾಕಿ, ಸರಬರಾಜುದಾರರಿಗೆ ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೆದು, ವಾಪಸು ತೆಗೆದುಕೊಳ್ಳುವಂತೆ ಕೇಳಿ. ಮುಂದಿನ ಖರೀದಿ ಆರ್ಡರುಗಳಲ್ಲಿ ‘ಆದೇಶ ಜಾರಿಯಾದ ಮೇಲೆ ಗುರುತಿಲ್ಲದೆ ಉಳಿದ ಮಾಲನ್ನು ಸರಬರಾಜುದಾರರು ಸ್ವಂತ ಖರ್ಚಿನಲ್ಲಿ ಹಿಂಪಡೆಯತಕ್ಕದ್ದು’ ಎಂಬ ಒಂದು ಸಾಲು ಸೇರಿಸಿ. ನಮ್ಮಲ್ಲಿ ಕಟ್ಟಡದ ಕೆಲಸ ದೀಪಾವಳಿಯಿಂದ ಮೇ ಕೊನೆಯವರೆಗೆ ಭರದಿಂದ ನಡೆದು ಮಳೆ ಹಿಡಿದೊಡನೆ ನಿಲ್ಲುವುದರಿಂದ, ಏಪ್ರಿಲಿನಲ್ಲಿ ಹೆಚ್ಚಾಗಿ ತರಿಸಿದ ಮಾಲು ನಾಲ್ಕೈದು ತಿಂಗಳು ಗೋದಾಮಿನಲ್ಲೇ ಕೂರುತ್ತದೆ. ಆ ನಡುವೆ ಯಾವುದಾದರೂ ಆದೇಶ ಜಾರಿಯಾಗಲಿದೆಯೇ ಎಂದು ನೋಡಿಕೊಂಡೇ ಏಪ್ರಿಲ್ ಖರೀದಿಯನ್ನು ಮಾಡಬೇಕು.

ಮಾರಿದ ಮೇಲೆ ಮಾಲಿನಲ್ಲಿ ದೋಷವಿದೆಯೆಂದು ತಿಳಿದರೆ, ಅಥವಾ ಪರವಾನಗಿ ರದ್ದಾದ ಸುದ್ದಿ ಬಂದರೆ, ಅಂದೇ ಮಾರಾಟ ನಿಲ್ಲಿಸಿ. ಉಳಿದದ್ದನ್ನು ಬೇರೆ ಮೂಲೆಗೆ ಸರಿಸಿ, ‘ಮಾರಾಟಕ್ಕಲ್ಲ’ ಎಂದು ಬರೆದ ಬೋರ್ಡು ಕಟ್ಟಿ, ಸಂಖ್ಯೆ ಎಣಿಸಿ ಫೋಟೋ ತೆಗೆದಿಡಿ. ತಯಾರಕರಿಗೆ ಬರೆಯಿರಿ, ಬಿಐಎಸ್ ಕೇರ್ ಆ್ಯಪಿನಲ್ಲೇ ದೂರನ್ನೂ ದಾಖಲಿಸಬಹುದು. ಅನಂತರ ನಿಮ್ಮ ಬಿಲ್ಲುಗಳಿಂದ ಆ ಸಿಎಂ/ಎಲ್ ಸಂಖ್ಯೆಯ ಮಾಲು ಯಾರ್ಯಾರ ಮನೆಗೆ ಹೋಗಿದೆಯೆಂದು ಹುಡುಕಿ, ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಫೋನು ಮಾಡಿ ತಿಳಿಸಿ. ಸೆಂಟ್ರಿಂಗ್ ಕಟ್ಟಿ ಕಾಂಕ್ರೀಟಿಗೆ ಕಾದಿರುವ ಮನೆಯವರಿಗೆ ಎಲ್ಲರಿಗಿಂತ ಮೊದಲು ಫೋನು ಹೋಗಲಿ, ಏಕೆಂದರೆ ಸ್ಲ್ಯಾಬು ಬಿದ್ದ ಮೇಲೆ ಒಳಗಿನ ಕಬ್ಬಿಣವನ್ನು ಬದಲಾಯಿಸಲಾಗದು.